ಬಣ್ಣದ ಗೂಟಗಳ ಹಲಗೆ

ಹಲಗೆಗೆ ಯಾರೋ ಆಗಲೇ ಕುಂಕುಮ ಇಟ್ಟಿದ್ದರು. ಬೆಂಗಳೂರಿನಿಂದ ಲಾರಿಯಲ್ಲಿ ಹುಲ್ಲು ಸುತ್ತಿಕೊಂಡು ಹೆಣದ ಹಾಗೆ ಮಲಗಿ ಬಂದಿದ್ದ ಹಲಗೆ ಈಗ ಆಫೀಸಿನ ಗೋಡೆಗೆ ಒರಗಿ ನಿಂತಿತ್ತು. ಉದ್ದಕ್ಕೂ ಅಡ್ಡಕ್ಕೂ ಸಾಲುಸಾಲು ತೂತು, ತೂತಿಗೆ ಸಿಕ್ಕಿಸಲು ಕೆಂಪು, ಹಸಿರು, ಹಳದಿ ಬಣ್ಣದ ಪುಟ್ಟ ಮರದ ಗೂಟಗಳು, ನೆತ್ತಿಯ ಮೇಲೆ ಇಂಗ್ಲಿಷಿನಲ್ಲಿ ತಿಂಗಳುಗಳ ಹೆಸರು. ಜನವರಿಯ ಮೇಲೊಂದು ಬೊಟ್ಟು, ಡಿಸೆಂಬರಿನ ಮೇಲೊಂದು ಬೊಟ್ಟು. ಮಾವ ಆವಲಪ್ಪನವರದೇ ಕೆಲಸ. ಹೊಸ ಎತ್ತು, ಬಾವಿಗೆ ಹೊಸ ಪಂಪು, ಹೊಸ ಸೊಸೆ, ಏನು ಬಂದರೂ ಅವರ ಕೈ ಮೊದಲು ಕುಂಕುಮದ ಬಟ್ಟಲಿಗೆ ಹೋಗುತ್ತದೆ. ಮದುವೆಯಾಗಿ ಈ ಮನೆಯ ಹೊಸ್ತಿಲು ದಾಟಿದ ದಿನ ತನ್ನ ಹಣೆಗೂ ಅದೇ ದಪ್ಪ ಹೆಬ್ಬೆರಳು ಉದ್ದಕ್ಕೆ ಎಳೆದದ್ದನ್ನು ರಾಮಾಂಜಿನಪ್ಪ ನೆನೆಸಿಕೊಂಡ. ತನ್ನನ್ನೂ ಒಂದು ಗೋಡೆಗೆ ಒರಗಿಸಿಟ್ಟರು. ಆಮೇಲೆ ತನ್ನ ಉಪಯೋಗವೇನು ಎಂದು ಯಾರೂ ಕೇಳಲಿಲ್ಲ. ಅವನು ಕರ್ಚೀಫು ತೆಗೆದು ಜನವರಿಯ ಬೊಟ್ಟನ್ನು ಒರೆಸಲು ಹೋದ. ಅದು ಹರಡಿಕೊಂಡು ಫೆಬ್ರವರಿಗೂ ಹತ್ತಿತು. ಥೂ ಎಂದು ಬಿಟ್ಟುಬಿಟ್ಟ.

ಕಿಟಕಿಯಾಚೆ ಚರಕದ ಶೆಡ್ಡುಗಳಿಂದ ಬೆಂದ ಹುಳುವಿನ ವಾಸನೆ ಬರುತ್ತಿತ್ತು. ಶಿಡ್ಲಘಟ್ಟದಲ್ಲಿ ಹುಟ್ಟಿದವರಿಗೆ ಅದು ವಾಸನೆಯೇ ಅಲ್ಲ, ಗಾಳಿ. ಸೌದೆ ಒಲೆಯ ಮೇಲೆ ಕುದಿಯುವ ನೀರಿನಲ್ಲಿ ರೇಷ್ಮೆಗೂಡುಗಳು ಕುಣಿಯುತ್ತವೆ, ಹೆಂಗಸರು ಕಡ್ಡಿಯಿಂದ ಎಳೆ ಎತ್ತಿಕೊಡುತ್ತಾರೆ, ಚರಕ ತಿರುಗುತ್ತದೆ, ನೂಲು ಬರುತ್ತದೆ. ಆವಲಪ್ಪನವರ ತಂದೆಯ ಕಾಲದಲ್ಲೂ ಹೀಗೇ ಇತ್ತು. ಈಗ ಶೆಡ್ಡುಗಳನ್ನೆಲ್ಲ ಕೆಡವಿ, ಬಾಯ್ಲರ್ ಕೂರಿಸಿ, ಸಾಲಾಗಿ ಬೇಸಿನ್ನುಗಳಿಟ್ಟು, ಯಂತ್ರದಿಂದ ನೂಲು ತೆಗೆಯುವ ಫಿಲೇಚರ್ ಮಾಡಬೇಕು. ಎರಡನೇ ಪಂಚವಾರ್ಷಿಕ ಯೋಜನೆಯ ಕಾಲ. ಕ್ಷೌರದಂಗಡಿಯವನೂ ಯೋಜನೆ ಎನ್ನುತ್ತಿದ್ದ. ಸಾಲ ಕೊಡುವ ಸರ್ಕಾರದವರು, ಹಳೆಯ ಕೆಲಸವನ್ನು ಹೊಸದಕ್ಕೆ ತಿರುಗಿಸುವುದಕ್ಕೆ ನಿಮ್ಮ ಯೋಜನಾ ವಿಧಾನ ಯಾವುದು, ಅದನ್ನು ತೋರಿಸಿ ಎಂದಿದ್ದರು. ಯಾವ ವಿಧಾನ ಎಂದು ತೀರ್ಮಾನಿಸಲು ಇವತ್ತು ಡೈರೆಕ್ಟರುಗಳ ಸಭೆ. ಡೈರೆಕ್ಟರುಗಳೆಂದರೆ ಆವಲಪ್ಪ, ಅವರ ಮಗ ಮುನಿವೆಂಕಟಪ್ಪ, ಚಿಂತಾಮಣಿಯ ಬಯ್ಯಪ್ಪ ಎಂಬ ನಿದ್ದೆಗಣ್ಣಿನ ಷೇರುದಾರ. ರಾಮಾಂಜಿನಪ್ಪ ಡೈರೆಕ್ಟರಲ್ಲ, ಪ್ಲಾನಿಂಗ್ ಆಫೀಸರು. ಬಾಗಿಲ ಮೇಲಿನ ಫಲಕದಲ್ಲಿ ಆವಲಪ್ಪ ಅಂಡ್ ಸನ್ ಎಂದಿತ್ತು. ಆ 'ಸನ್' ಎಂಬುದನ್ನು ಅವನು ದಿನಾ ಬೆಳಿಗ್ಗೆ ತಲೆ ತಗ್ಗಿಸಿ ದಾಟಿ ಒಳಗೆ ಬರುತ್ತಿದ್ದ.

ಬೆಳಿಗ್ಗೆ ಅವನಿಗೆ ಉಪ್ಪಿಟ್ಟು ಹಾಕುತ್ತ ಹೆಂಡತಿ ವರಲಕ್ಷ್ಮಮ್ಮ ಕೇಳಿದ್ದಳು, "ಇವತ್ತು ಅಣ್ಣನ ಮೇಲೆ ಏನೋ ಹೇಳ್ತೀರಂತೆ?"

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು. ವಾರದಿಂದ ನಿದ್ದೆಯಾಗೆ ಇಂಗ್ಲೀಷ್ ಮಾತಾಡ್ತಾ ಇದ್ದೀರಿ."

"ಕಂಪನಿ ವಿಷಯ ಅದು. ಅಣ್ಣ ತಮ್ಮ ಅಂತ ನೋಡಕ್ಕಾಗಲ್ಲ."

ಅವಳು ಅವನನ್ನೇ ಒಂದು ಗಳಿಗೆ ನೋಡಿ, ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿ, "ನೀವು ಹೇಳಲ್ಲ ಬಿಡಿ" ಎಂದು ಒಳಗೆ ಹೋಗಿದ್ದಳು. ಸಮಾಧಾನ ಹೇಳುವ ದನಿಯಲ್ಲಿ. ಅದೇ ಅವನನ್ನು ಬೆಳಗಿನಿಂದ ಕೊರೆಯುತ್ತಿತ್ತು. ಬೇಡ ಅನ್ನಬಹುದಿತ್ತು, ಅಳಬಹುದಿತ್ತು, ನಿಮ್ಮ ಕಾಲಿಗೆ ಬೀಳ್ತೀನಿ ಅನ್ನಬಹುದಿತ್ತು. ಹಾಗೆ ಅಂದಿದ್ದರೆ ಅವನು ತಟ್ಟೆ ನೂಕಿ ಎದ್ದು ಬರುತ್ತಿದ್ದ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಹಾಲು ಹಾಕುವವಳ ಲೆಕ್ಕವನ್ನು ಗೋಡೆಯ ಮೇಲೆ ಸುಣ್ಣದ ಗೀಟು ಎಳೆದು ಇಡುತ್ತಿದ್ದಳು. ಅಂಥವಳು ತನ್ನ ವಿಷಯದಲ್ಲಿ ಇಷ್ಟು ನಿಶ್ಚಿಂತೆಯಾಗಿರುವುದು ಅವನಿಗೆ ಅಸಹ್ಯವೆನಿಸಿತು. ಉಪ್ಪಿಟ್ಟು ಚೆನ್ನಾಗಿತ್ತು. ಎಲ್ಲವನ್ನೂ ತಿಂದಿದ್ದ.

ಬೊಂಬಾಯಿಗೆ ಅವನನ್ನು ಕಳಿಸಿದ್ದು ಆವಲಪ್ಪನವರೇ. ಕಾರ್ಖಾನೆಯವರಿಗಾಗಿ ನಡೆಸುತ್ತಿದ್ದ ಉತ್ಪಾದಕತೆಯ ತರಬೇತಿ ಅದು. ಟೈ ಕಟ್ಟುವುದನ್ನು ರೈಲಿನಲ್ಲಿ ಪಕ್ಕದವನಿಂದ ಕಲಿತುಕೊಂಡು ಹೋಗಿದ್ದ. ಅಲ್ಲಿ ಉಕ್ಕಿನವರು, ಸಿಮೆಂಟಿನವರು, ಬಟ್ಟೆ ಗಿರಣಿಯವರು. ನೀವು ಯಾವ ಇಂಡಸ್ಟ್ರಿ ಎಂದು ಕೇಳಿದಾಗ ಸಿಲ್ಕ್ ಎಂದರೆ ಅವರು ಸೀರೆ ಅಂಗಡಿ ಎಂದುಕೊಳ್ಳುತ್ತಿದ್ದರು. ಆದರೂ ಆ ವಾರಗಳು ಮದುವೆಯಾದ ಮೇಲೆ ಅವನ ಬದುಕಿನಲ್ಲಿ ಹುಳುವಿನ ವಾಸನೆಯಿಲ್ಲದ ಒಂದೇ ಕಾಲ. ಪಾಠ ಹೇಳುತ್ತಿದ್ದ ಮುದುಕ ಇಂಗ್ಲೆಂಡಿನವನು ಬೋರ್ಡಿನ ಮೇಲೆ ಏನೂ ಬರೆಯದೆ ಒಂದು ದಿನ ಹೇಳಿದ್ದ: ಯಾವ ಸಾಧನ ಒಳ್ಳೆಯದು ಎಂದು ಕೇಳಬೇಡಿ, ಏನನ್ನು ನೋಡಲು ನಿಮಗೆ ಧೈರ್ಯವಿದೆ ಎಂದು ಕೇಳಿಕೊಳ್ಳಿ. ಅವನ ಪಕ್ಕದ ಸಿಮೆಂಟಿನವನು ತೂಕಡಿಸುತ್ತಿದ್ದ. ರಾಮಾಂಜಿನಪ್ಪ ಒಬ್ಬನೇ ಆ ಮಾತನ್ನು ಕೇಳಿದವನ ಹಾಗೆ ಪುಳಕಗೊಂಡಿದ್ದ. ಗೌರಿಬಿದನೂರಿನಲ್ಲಿ ರೈಲು ಇಳಿದು ಅಪ್ಪನ ಮನೆಗೆ ಹೋದಾಗ ಅದೇ ಮಾತನ್ನು ಕನ್ನಡದಲ್ಲಿ ಹೇಳಲು ನೋಡಿದ. ಅಪ್ಪ ಕೇಳಿಸಿಕೊಂಡು, ಧೈರ್ಯ ಅಂದರೆ ನಮ್ಮ ಕಾಲದ್ದು ಎಂದು ವಿದುರಾಶ್ವತ್ಥದ ಧ್ವಜ ಸತ್ಯಾಗ್ರಹದಲ್ಲಿ ಗುಂಡು ಹಾರಿದ ದಿನದ ಕತೆ ತೆಗೆದಿದ್ದ. ಅಪ್ಪ ಆ ದಿನ ಕಬ್ಬಿನ ಗದ್ದೆಯಲ್ಲಿ ಬೋರಲಾಗಿ ಮಲಗಿದ್ದನೆಂದು ಅಮ್ಮ ಬಹಳ ಹಿಂದೆಯೇ ಹೇಳಿದ್ದಳು. ಊರಿಗೇ ಅದು ಗೊತ್ತಿತ್ತು. ಆದರೂ ಅಪ್ಪ ಮರದ ಕೆಳಗೆ ಮುಂದಿನ ಸಾಲಿನಲ್ಲಿ ನಿಂತ ಕತೆಯನ್ನು ಪ್ರತಿ ಸಲವೂ ಹೇಳುತ್ತಿದ್ದ, ಊರು ಪ್ರತಿ ಸಲವೂ ಕೇಳುತ್ತಿತ್ತು. ಇಂಥವನ ಹೊಟ್ಟೆಯಲ್ಲಿ ಹುಟ್ಟಿ, ಅಂಥವರ ಮನೆಗೆ ಅಳಿಯನಾಗಿ ಬಂದೆನಲ್ಲ ಎಂದು ಅವನು ತನ್ನ ಮೇಲೆ ಮರುಕಪಟ್ಟುಕೊಂಡಿದ್ದ. ಆ ಮರುಕದಲ್ಲಿ ಒಂದು ರುಚಿಯಿತ್ತು.

ಹಲಗೆಯನ್ನು ಮಾರಲು ಬಂದ ಬೆಂಗಳೂರಿನ ಸಲಹೆಗಾರ ಹಿಂದಿನ ದಿನವೇ ಬಂದು ಟ್ರಾವೆಲರ್ಸ್ ಬಂಗಲೆಯಲ್ಲಿ ಇಳಿದಿದ್ದ. ಅವನ ಹಲಗೆಗೆ ಎದುರಾಗಿ ರಾಮಾಂಜಿನಪ್ಪನ ಕಡೆ ಇದ್ದದ್ದು ಕಂದು ಕಾಗದದ ಒಂದು ಸುರುಳಿ. ಅದನ್ನು ಬರೆದವನು ಕೊಂಡಪ್ಪ. ಕೊಂಡಪ್ಪ ಊರಾಚೆಯ ಕೇರಿಯವನು, ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮಾಡಿಕೊಂಡು ಬಂದವನು, ಕಂಪನಿಯಲ್ಲಿ ಅಸಿಸ್ಟೆಂಟು. ಗೂಡು ಗೇಟಿನೊಳಕ್ಕೆ ಬಂದ ಗಳಿಗೆಯಿಂದ ನೂಲಿನ ಲಡಿಯಾಗಿ ಹೊರಗೆ ಹೋಗುವತನಕ ಎಲ್ಲೆಲ್ಲಿ ಹೋಗುತ್ತದೆ, ಯಾರ ಕೈ ಸೇರುತ್ತದೆ, ಎಲ್ಲಿ ಸುಮ್ಮನೆ ಬಿದ್ದಿರುತ್ತದೆ ಎಂದು ಇಬ್ಬರೂ ಅದರ ಹಿಂದೆಯೇ ಓಡಾಡಿ, ಕೊಂಡಪ್ಪ ಒಂದೊಂದನ್ನೂ ಗುರುತಿಸಿ ಬರೆದ ನಕ್ಷೆ. ಕೆಲಸ ನಡೆದ ಕಡೆ ಒಂದು ಸೊನ್ನೆ, ಸುಮ್ಮನೆ ಬಿದ್ದಿದ್ದ ಕಡೆ ಒಂದು ತ್ರಿಕೋನ. ಬರೆದು ಮುಗಿಸಿದಾಗ ಕಾಗದದ ಎಡಭಾಗ, ಅಂದರೆ ಗೂಡು ಕೊಂಡು ಇಡುವ ಗೋಡೌನು, ಬರೀ ತ್ರಿಕೋನಗಳಿಂದ ಕಪ್ಪಾಗಿತ್ತು. ಗೋಡೌನು ಮುನಿವೆಂಕಟಪ್ಪನದು. ನೆಂಟರು ಇಷ್ಟರು ತಂದ ಹಸಿ ಗೂಡು, ಒಳಗೆ ಹುಳು ಸತ್ತು ಕರಗಿದ ಗೂಡು, ಎಲ್ಲವನ್ನೂ ಕೊಂಡು ಗುಡ್ಡೆ ಹಾಕಿ, ಅದು ಬಿಸಿಯಾಗಿ ಕೊಳೆಯುವತನಕ ಅವನು ಮಾತಾಡುತ್ತ ಕೂರುತ್ತಿದ್ದ. ಬಾಯ್ಲರಲ್ಲ, ಆಕಾಶದಿಂದ ಇಂದ್ರನ ಯಂತ್ರ ಇಳಿಸಿದರೂ ಆ ಗೂಡಿನಿಂದ ನೂಲು ಬರುವಂತಿರಲಿಲ್ಲ.

"ಗುಟ್ಟೇನೈತೆ ಸಾರ್ ಇದರಾಗೆ" ಎಂದು ಕೊಂಡಪ್ಪ ಪೆನ್ಸಿಲು ಕಿವಿಗೆ ಸಿಕ್ಕಿಸಿ ನಕ್ಕಿದ್ದ. "ಚರಕದ ಗಂಗುಲಮ್ಮನಿಗೂ ಗೊತ್ತು, ಗೇಟಿನ ಮುನಿಶಾಮಿಗೂ ಗೊತ್ತು. ಎಲ್ರಿಗೂ ಗೊತ್ತಿರೋದನ್ನ ಗೋಡೆಗೆ ಹಾಕಿದ್ರೆ ಮಾತ್ರ ಎಲ್ರಿಗೂ ಕೋಪ ಬರ್ತದೆ."

ಅವನ ನಗುವಿನಲ್ಲಿ ವಿನಯವೇನೂ ಇರಲಿಲ್ಲ. ರಾಮಾಂಜಿನಪ್ಪನಿಗೆ ಅದು ಇಷ್ಟವೂ ಆಗುತ್ತಿತ್ತು, ಸ್ವಲ್ಪ ಉರಿಯುತ್ತಲೂ ಇತ್ತು. ಒಂದು ಭಾನುವಾರ ಆಫೀಸಿಗೆ ಬೀಗ ಹಾಕಿದ್ದರಿಂದ ಮನೆಯ ಜಗಲಿಯ ಮೇಲೆ ಕಾಗದ ಹಾಸಿ ಬರೆಯುತ್ತಿದ್ದಾಗ ವರಲಕ್ಷ್ಮಮ್ಮ ಗಂಡನಿಗೆ ಬೆಳ್ಳಿ ಲೋಟದಲ್ಲಿ, ಕೊಂಡಪ್ಪನಿಗೆ ತೆಂಗಿನ ಚಿಪ್ಪಿನ ಪಕ್ಕ ಹೊರಗೋಡೆಯ ಗೂಡಿನಲ್ಲಿ ಬೇರೆಯಾಗಿಡುತ್ತಿದ್ದ ಗಾಜಿನ ಲೋಟದಲ್ಲಿ ಕಾಫಿ ತಂದಿಟ್ಟಳು. "ನಾನು ಕಾಫಿ ಕುಡಿಯಲ್ಲಮ್ಮ" ಎಂದ ಕೊಂಡಪ್ಪ. ರಾಮಾಂಜಿನಪ್ಪ ಒಂದು ತ್ರಿಕೋನವನ್ನು ತಿದ್ದುವುದರಲ್ಲಿ ಮಗ್ನನಾಗಿದ್ದವನಂತೆ ತಲೆ ಎತ್ತಲಿಲ್ಲ. ಸಂಜೆ ಬಸ್‌ಸ್ಟ್ಯಾಂಡಿನ ಹೋಟೆಲಿನ ಮುಂದೆ ಹೋಗುವಾಗ ಬೆಂಚಿನ ಮೇಲೆ ಕೊಂಡಪ್ಪ ಕಾಫಿ ಕುಡಿಯುತ್ತ ಕೂತಿದ್ದ. ಇವನನ್ನು ಕಂಡು ಮುಖ ಮರೆಸಲಿಲ್ಲ. ಲೋಟವನ್ನು ಒಂದಿಷ್ಟು ಮೇಲೆತ್ತಿ, ಬನ್ನಿ ಸಾರ್ ಎನ್ನುವಂತೆ ತೋರಿಸಿದ. ರಾಮಾಂಜಿನಪ್ಪ ಕೈಗಡಿಯಾರ ನೋಡಿಕೊಂಡು ಬೇಗ ನಡೆದಿದ್ದ. ತನ್ನ ಹೆಂಡತಿಯ ಮೇಲೆ, ಮಾವನ ಮನೆಯ ಮೇಲೆ, ಅವರ ಬೆಳ್ಳಿ ಲೋಟಗಳ ಮೇಲೆ ಅವನಿಗೆ ದಾರಿಯುದ್ದಕ್ಕೂ ತಿರಸ್ಕಾರ ಉಕ್ಕುತ್ತಿತ್ತು. ತಿರಸ್ಕಾರ ಇಷ್ಟಿದ್ದ ಮೇಲೆ ಬೇರೆ ಏನನ್ನೂ ಮಾಡಬೇಕಾದ ಅಗತ್ಯವಿಲ್ಲ ಎಂಬಂತೆ.

ಸಭೆ ಶುರುವಾದಾಗ ಬಿಸಿಲು ಏರಿತ್ತು. ಆವಲಪ್ಪ ರುಮಾಲು ತೆಗೆದು ಮೇಜಿನ ಮೇಲಿಟ್ಟು, ಅದರ ಪಕ್ಕ ಎಲೆಅಡಿಕೆ ಚೀಲ ಬಿಚ್ಚಿದರು. ಮುನಿವೆಂಕಟಪ್ಪ ತೊಡೆಯ ಮೇಲೆ ಕೈಯಿಟ್ಟು ಎಲ್ಲರಿಗೂ ಸುಮ್ಮಸುಮ್ಮನೆ ನಗುತ್ತ ಕೂತಿದ್ದ. ದಪ್ಪ ಮನುಷ್ಯ, ಎರಡು ಗಲ್ಲದವನು. ತನ್ನ ಮೇಲೆಯೇ ಈ ಸಭೆ ಎಂಬುದು ಅವನಿಗೆ ತಿಳಿದಿತ್ತೋ ಇಲ್ಲವೋ ಹೇಳುವಂತಿರಲಿಲ್ಲ. ಸಲಹೆಗಾರ ಎದ್ದು ಹಲಗೆಯ ಪಕ್ಕ ನಿಂತು, ಅಮೆರಿಕದ ಕಾರ್ಖಾನೆಗಳಲ್ಲಿ ಇಂಥ ಹಲಗೆಯಿಲ್ಲದೆ ಯಜಮಾನರು ಊಟವನ್ನೇ ಮಾಡುವುದಿಲ್ಲ ಎಂಬರ್ಥದ ಮಾತುಗಳನ್ನಾಡಿ, ಒಂದು ಕೆಂಪು ಗೂಟ ಕಿತ್ತು ಹಸಿರು ಸಿಕ್ಕಿಸಿ, ಹಸಿರು ಕಿತ್ತು ಹಳದಿ ಸಿಕ್ಕಿಸಿ ತೋರಿಸಿದ. ಮಾರ್ಚಿ ತಿಂಗಳಲ್ಲಿ ಶೆಡ್ಡು ಕೆಡವುವುದು, ಏಪ್ರಿಲ್ಲಿನಲ್ಲಿ ಬಾಯ್ಲರ್, ಜೂನಿನಲ್ಲಿ ಉತ್ಪಾದನೆ. ಬಯ್ಯಪ್ಪ ಕಣ್ಣು ಬಿಟ್ಟು, ಇದಕ್ಕೆ ಕರೆಂಟು ಬೇಕಾ ಎಂದು ತೆಲುಗಿನಲ್ಲಿ ಕೇಳಿದ. ಬೇಡ ಎಂದಾಗ, "ಅಟ್ಲೈತೆ ಮಂಚಿದೇ" ಎಂದು, ಹಾಗಾದರೆ ಒಳ್ಳೆಯದೇ ಎಂಬ ತೃಪ್ತಿಯಲ್ಲಿ ಮತ್ತೆ ಕಣ್ಣು ಮುಚ್ಚಿದ. ಇವರ ಮಧ್ಯೆ ತನ್ನ ವಿದ್ಯೆ, ತನ್ನ ಬೊಂಬಾಯಿ, ತನ್ನ ಒಳಗಿನ ಆ ಪುಳಕ! ರಾಮಾಂಜಿನಪ್ಪನಿಗೆ ಒಂದು ಬಗೆಯ ಆನಂದವೇ ಆಯಿತು. ಅವರು ಎಷ್ಟು ಕೀಳಾದರೆ ಅವನು ಅಷ್ಟು ಎತ್ತರ. ಅವನು ಮಾತಾಡುತ್ತಾನೆ, ಮಾವ ಗದರುತ್ತಾರೆ, ಮಗನ ಪಕ್ಷ ವಹಿಸುತ್ತಾರೆ. ಆಗ ಎದ್ದು ನಿಂತು ಇಂಗ್ಲಿಷಿನಲ್ಲಿ, ಇಂಥದ್ದರಲ್ಲಿ ನಾನು ಪಾಲುದಾರನಾಗಲಾರೆ ಎನ್ನಬೇಕು. ಆ ವಾಕ್ಯವನ್ನು ಅವನು ಎಷ್ಟೋ ದಿನದಿಂದ ನಯಮಾಡಿ ಇಟ್ಟುಕೊಂಡಿದ್ದ. ಅದರಾಚೆ ಏನು ಮಾಡುತ್ತೇನೆಂದು ಯೋಚಿಸಿರಲಿಲ್ಲ. ವಾಕ್ಯ ಅಷ್ಟು ಚೆನ್ನಾಗಿತ್ತು.

"ನಮ್ಮ ಅಳಿಯಂದ್ರು ಓದ್ಕೊಂಡು ಬಂದವ್ರೆ, ಅವರೂ ಹೇಳ್ಲಿ" ಎಂದರು ಆವಲಪ್ಪ.

ಅವನು ಬಾಗಿಲ ಕಡೆ ನೋಡಿ ಕೊಂಡಪ್ಪನನ್ನು ಕರೆದ. ಕೊಂಡಪ್ಪ ಒಳಗೆ ಬಂದು ಸುರುಳಿಯ ಒಂದು ತುದಿ ಹಿಡಿದ, ಇನ್ನೊಂದನ್ನು ಇವನು ಹಿಡಿದು ಗೋಡೆಯುದ್ದಕ್ಕೂ ಬಿಚ್ಚಿದ. "ಯಾವ ಸಾಧನ ಚೆನ್ನಾಗಿದೆ ಅಂತ ಕೇಳಬಾರದು ಮಾವ" ಎಂದು ಶುರುಮಾಡಿದ. ದನಿ ತಾನೆಂದುಕೊಂಡಿದ್ದಕ್ಕಿಂತ ಸಣ್ಣಗಿತ್ತು. "ನಾವು ಏನನ್ನ ನೋಡಬೇಕು ಅಂತಿದ್ದೀವಿ ಅನ್ನೋದು ಮೊದಲು. ಆ ಹಲಗೆ ನಾವು ಏನಾಗಬೇಕು ಅಂದುಕೊಂಡಿದ್ದೀವೋ ಅದನ್ನ ತೋರಿಸುತ್ತೆ. ಈ ಕಾಗದ ಈಗ ಏನಾಗ್ತಾ ಇದೆಯೋ ಅದನ್ನ ತೋರಿಸುತ್ತೆ. ಈಗ ಏನಾಗ್ತಿದೆ ಅಂತ ನೋಡದೆ ಬಾಯ್ಲರ್ ತಂದರೆ, ಆ ಬಾಯ್ಲರ್ ಸುಮ್ಮನೆ ಕೂತಿರುತ್ತೆ." ಆಮೇಲೆ ಒಂದೊಂದೇ ತ್ರಿಕೋನದ ಮೇಲೆ ಬೆರಳಿಟ್ಟು ಹೇಳುತ್ತ ಹೋದ. ಮುನಿವೆಂಕಟಪ್ಪನ ಹೆಸರನ್ನು ಎಲ್ಲಿಯೂ ತೆಗೆಯಲಿಲ್ಲ. ಗೋಡೌನು, ಗೋಡೌನು ಎನ್ನುತ್ತಿದ್ದ. ಸಲಹೆಗಾರ ತನ್ನ ಉಗುರು ನೋಡಿಕೊಳ್ಳುತ್ತಿದ್ದ. ಆವಲಪ್ಪ ಮಾತ್ರ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ, ಎದ್ದು ಬಂದು, ಕಾಗದದ ಹತ್ತಿರ ಮೂಗು ತಾಗುವಂತೆ ಬಗ್ಗಿ, ಗೇಟಿನಿಂದ ಲಡಿಯವರೆಗೆ ಬೆರಳಾಡಿಸಿ ನೋಡಿದರು.

"ಸರಿಯಾಗೈತೆ" ಎಂದರು.

ರಾಮಾಂಜಿನಪ್ಪ ಕಾದ.

"ಇದು ಹೇಳ್ತಿರೋದು ನಿಜ ಅಳಿಯಂದ್ರೆ. ಮುನಿವೆಂಕಟ ಗೂಡು ಕೊಳೆಸ್ತಾನೆ. ಅಂಬಾಜಿದುರ್ಗದ ಕಡೆ ನೆಂಟ್ರು ಏನು ತಂದ್ರೂ ಬ್ಯಾಡ ಅನ್ನಕ್ಕೆ ಅವನಿಗೆ ಬಾಯಿ ಬರಲ್ಲ. ಏನಪ್ಪಾ, ಸುಳ್ಳಾ?"

ಮುನಿವೆಂಕಟಪ್ಪ ತಲೆ ತಗ್ಗಿಸಿ ನಕ್ಕ. "ಸುಳ್ಳೇನಲ್ಲಪ್ಪ" ಎಂದ.

"ನಂಗೇನು ಹಲಗೇನೇ ಆಗ್ಬೇಕು ಅಂತ ಹಠ ಇಲ್ಲ" ಎಂದು ಆವಲಪ್ಪ ಬಂದು ಕೂತರು. "ಸಾಲದೋರು ಏನಾದ್ರೂ ಒಂದು ತೋರ್ಸಿ ಅಂದವ್ರೆ. ಹಲಗೆ ತೋರ್ಸಿದ್ರೆ ಹಲಗೆ, ಕಾಗದ ತೋರ್ಸಿದ್ರೆ ಕಾಗದ. ಕಾಗದಾನೇ ಇಟ್ಕೊಳ್ಳೋಣ ಅಂದ್ರೆ ನಾಳೆಯಿಂದ ಮುನಿವೆಂಕಟ ಹಿಪ್ಪುನೇರಳೆ ತೋಟಕ್ಕೆ ಹೋಗ್ಲಿ. ಗೋಡೌನಿನಾಗೆ ನೀವು ಕೂತ್ಕೊಳ್ಳಿ."

"ನಾನಾ?"

"ಇನ್ಯಾರು? ಬೆಳಕು ಹರಿಯೋ ಮುಂಚೆ ಗಾಡಿಗಳು ಬರ್ತವೆ. ಗೂಡಿನೊಳಗೆ ಕೈ ಹಾಕಿ ನೋಡ್ಬೇಕು, ಅಲ್ಲಾಡ್ಸಿ ಕೇಳ್ಬೇಕು, ಬೇಡ ಅನ್ಬೇಕು. ಬೇಡ ಅಂದ್ರೆ ನಮ್ಮೋರೇ ಬೈತಾರೆ. ಬೈಸ್ಕೋಬೇಕು." ಅವರು ಸ್ವಲ್ಪ ಯೋಚಿಸಿ, ಬಾಗಿಲ ಪಕ್ಕ ಕಾಗದ ಹಿಡಿದು ನಿಂತಿದ್ದವನ ಕಡೆ ತಿರುಗಿದರು. "ನಿಮ್ಮ ಕೈಲಿ ಆಗಲ್ಲಾ ಅಂದ್ರೆ ಈ ಕೊಂಡಪ್ಪನ್ನ ಕೂರ್ಸಿ. ಚುರುಕಾಗವ್ನೆ. ಅವನ ಕೈಗೆ ಗೂಡು ಕೊಡಲ್ಲ ಅಂತ ಮೊದಮೊದಲು ಕೊಸರಾಡ್ತಾರೆ, ಆಡ್ಲಿ. ನೀವು ಪಕ್ಕದಾಗೆ ಒಂದು ಕುರ್ಚಿ ಹಾಕ್ಕೊಂಡು ಕೂತ್ಕೊಂಡು, ಇವನು ನಮ್ಮೋನು, ಇವನು ಹೇಳಿದ್ದೇ ಬೆಲೆ ಅನ್ನಿ. ಒಂದು ಬೆಳೆ ಮುಗಿಯೋ ಹೊತ್ಗೆ ಎಲ್ಲಾ ಸರಿಹೋಗ್ತದೆ. ನಾನು ಹಿಂದೆ ಇರ್ತೀನಿ. ಏನಂತೀರಿ? ನೀವು ಹೇಳ್ದಂಗೆ ಆಗ್ಲಿ."

ಯಾರೂ ಗದರಲಿಲ್ಲ. ಅವನು ನಯಮಾಡಿ ಇಟ್ಟುಕೊಂಡಿದ್ದ ವಾಕ್ಯಕ್ಕೆ ಜಾಗವೇ ಇರಲಿಲ್ಲ. ಮಾವನ ಮುಖದಲ್ಲಿ ಕುಹಕಕ್ಕಾಗಿ ಹುಡುಕಿದ. ಎಲೆ ಮಡಿಸುತ್ತಿದ್ದ ಆ ಮುದುಕನ ಮುಖದಲ್ಲಿ, ಮಳೆ ಬರಬಹುದೋ ಏನೋ ಎಂದು ಕೇಳುವವನಿಗಿರುವಷ್ಟೇ ಕುತೂಹಲವಿತ್ತು. ನಸುಕಿನ ಗೋಡೌನು ಅವನ ಕಣ್ಣ ಮುಂದೆ ಬಂತು. ಗೋಣಿ, ಬೀಡಿ ಹೊಗೆ, ಬೆವರು, ಗೂಡಿನ ಹಸಿ ನಾತ. ಕುರ್ಚಿಯ ಮೇಲೆ ತಾನು, ನೆಲದ ಮೇಲೆ ತಕ್ಕಡಿಯ ಪಕ್ಕ ಕೊಂಡಪ್ಪ, ಎದುರಿಗೆ ತನ್ನದೇ ಜಾತಿಯ ದೊಡ್ಡ ದೊಡ್ಡ ಹೆಗಲುಗಳು, ಏನಪ್ಪಾ ಆವಲಪ್ಪನ ಅಳಿಯ, ಇವನ ಕೈಲಿ ಮುಟ್ಟಿಸ್ತೀಯಾ ನಮ್ಮ ಗೂಡನ್ನ ಎನ್ನುವ ಬಾಯಿಗಳು. ಹೌದು ಎನ್ನಬೇಕು. ದಿನಾ ಎನ್ನಬೇಕು. ಕೊಂಡಪ್ಪ ತನ್ನ ಕಡೆಯೇ ನೋಡುತ್ತಿದ್ದಾನೆಂದು ಅವನಿಗೆ ನೋಡದೆಯೇ ತಿಳಿಯಿತು. ಆ ನೋಟದಲ್ಲಿ ಬೇಡಿಕೆಯೇನೂ ಇರಲಿಕ್ಕಿಲ್ಲ. ಕಾಗದದ ತುದಿ ಮಾತ್ರ ಬಿಗಿಯಾಗಿತ್ತು, ಅವನು ಎಳೆದು ಹಿಡಿದಿದ್ದ. ಎಲ್ಲರನ್ನೂ ಇಷ್ಟು ಕಾಲ ತಿರಸ್ಕರಿಸಿಕೊಂಡು ಬಂದದ್ದು, ಹೀಗೆ ಯಾರಾದರೂ ನಿಜವಾಗಿ ಕೇಳಿಬಿಟ್ಟಾರೆಂಬ ಭಯದಿಂದಲೇ ಇರಬಹುದೇ ಎಂಬ ಸಂಶಯ ಒಂದು ಗಳಿಗೆ ಹಾದುಹೋಯಿತು. ಅವನು ಅದನ್ನು ನೊಣದ ಹಾಗೆ ಓಡಿಸಿದ.

"ಇಲ್ಲ, ಅಂದರೆ, ಒಂದು ದೃಷ್ಟಿಯಿಂದ ನೋಡಿದರೆ" ಎಂದ. ತನ್ನ ಮಾತು ತನಗೇ ದೂರದಿಂದ ಕೇಳಿಸುತ್ತಿತ್ತು. "ಫಸ್ಟ್ ಸ್ಟೇಜಿಗೆ ಹಲಗೆಯೇ ಸೂಕ್ತ. ಗುರಿ ಕಣ್ಣೆದುರಿಗೆ ಇರುತ್ತೆ. ಕಾಗದವನ್ನ ಮುಂದೆ, ನಿಧಾನವಾಗಿ ಪರಿಶೀಲಿಸಬಹುದು."

"ಎಕ್ಸಾಕ್ಟ್ಲಿ!" ಎಂದು ಸಲಹೆಗಾರ ತೊಡೆ ತಟ್ಟಿದ.

"ಸರಿ" ಎಂದರು ಆವಲಪ್ಪ, ಎಲೆಯನ್ನು ಬಾಯಿಗಿಟ್ಟುಕೊಂಡು. ಅಷ್ಟೆ. ಆ 'ಸರಿ'ಯಲ್ಲಿ ಸಿಟ್ಟಿರಲಿಲ್ಲ, ನಿರಾಶೆಯಿರಲಿಲ್ಲ. ಕೊಂಡಪ್ಪ ತನ್ನ ತುದಿಯನ್ನು ಬಿಟ್ಟ. ಬಿಗಿಯಾಗಿದ್ದ ಕಾಗದ ಸರ್ರನೆ ತಾನೇ ಸುತ್ತಿಕೊಂಡು ಬಂದು ರಾಮಾಂಜಿನಪ್ಪನ ಮೊಣಕೈಗೆ ಬಡಿಯಿತು. ಬಯ್ಯಪ್ಪ ಎಚ್ಚೆತ್ತು, ಮುಗೀತಾ ಎಂದ.

ಮಧ್ಯಾಹ್ನ ಸಲಹೆಗಾರನಿಗೆ ಕೋಳಿ ಸಾರಿನ ಊಟವಾಗಿ, ಅವನನ್ನು ಚಿಕ್ಕಬಳ್ಳಾಪುರದ ಬಸ್ಸಿಗೆ ಹತ್ತಿಸಿ ಬಂದಾಗ ಕೊಂಡಪ್ಪ ಆಫೀಸಿನಲ್ಲಿ ತನ್ನ ಮೇಜನ್ನು ಖಾಲಿ ಮಾಡುತ್ತಿದ್ದ. ಸ್ಕೇಲು, ಎರಡು ಪೆನ್ಸಿಲು, ಒಂದು ಬಾಚಣಿಗೆ. ಹಲಗೆಯನ್ನು ಇಬ್ಬರು ಆಳುಗಳು ಗೋಡೆಗೆ ಮೊಳೆ ಹೊಡೆದು ಕೂರಿಸಿ ಹೋಗಿದ್ದರು.

"ದೊಡ್ಡೋರು ಹೇಳಿ ಕಳಿಸಿದ್ರು ಸಾರ್" ಎಂದ ಕೊಂಡಪ್ಪ. "ನಾಳೆಯಿಂದ ಗೂಟ ಬದಲಾಯಿಸೋ ಕೆಲಸ ನೋಡ್ಕೋ ಅಂತ. ಬೇಡ ಅಂದೆ."

"ಆತುರ ಪಡಬೇಡ ಕಣಯ್ಯ. ಮುಂದೆ ನೋಡೋಣ. ನಾನು ಅಲ್ಲಿ ಹಾಗಂದದ್ದು ಯಾಕೆ ಅಂದರೆ, ಇವರಿಗೆಲ್ಲ ಒಂದೇ ಸಲಕ್ಕೆ ಅರ್ಥವಾಗಲ್ಲ. ಮೂಢರು. ಹಂತಹಂತವಾಗಿ..."

"ಅರ್ಥ ಆಯ್ತಲ್ಲ ಸಾರ್, ಅವರಿಗೆ." ಕೊಂಡಪ್ಪ ಬಾಚಣಿಗೆಯನ್ನು ಜೇಬಿಗಿಟ್ಟುಕೊಂಡ. ಕೋಪವಿದ್ದಿದ್ದರೆ ರಾಮಾಂಜಿನಪ್ಪನಿಗೆ ಹಗುರಾಗುತ್ತಿತ್ತು. ಕೋಪವಿರಲಿಲ್ಲ. "ನಾನು ಈ ಊರಾಗೆ ಹುಟ್ಟಿದೋನು. ಆ ತಕ್ಕಡಿ ಪಕ್ಕ ಒಂದು ದಿನ ಕೂತಿದ್ರೆ ಅಷ್ಟೇ ಸಾಕಾಗಿತ್ತು. ಅವರು ಕೂತ್ಕೋ ಅಂದ್ರು. ಅವರು ಅಂತಾರೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ. ನೀವು ಬೇಡ ಅಂತೀರಿ ಅಂತಾನೂ ಅಂದ್ಕೊಂಡಿರ್ಲಿಲ್ಲ."

"ನಾನು ಬೇಡ ಅನ್ನಲಿಲ್ಲವಲ್ಲ."

"ಇಲ್ಲ ಸಾರ್. ಫಸ್ಟ್ ಸ್ಟೇಜ್ ಅಂದ್ರಿ."

ಹೊರಗೆ ಚರಕಗಳು ಕಿರುಗುಟ್ಟುತ್ತಿದ್ದವು. ಕೊಂಡಪ್ಪ ಬೀರುವಿನ ಮೇಲಿದ್ದ ಸುರುಳಿಯನ್ನು ತೋರಿಸಿದ. "ಅದನ್ನ ನಾನು ತಗೊಂಡು ಹೋಗ್ಲಾ? ಬೆಂಗಳೂರಾಗೆ ಎಲ್ಲಾದ್ರೂ ಕೆಲಸ ಕೇಳಕ್ಕೆ ಹೋದ್ರೆ ತೋರ್ಸಕ್ಕೆ ಬೇಕಾಗ್ತದೆ. ನಿಮಗೆ ಹೆಂಗೂ ಬ್ಯಾಡ."

ತಗೊಂಡು ಹೋಗು ಎಂದೇ ಅವನು ಹೇಳಬೇಕೆಂದಿದ್ದ. ನಾಲಿಗೆಯ ತುದಿಗೆ ಅದೇ ಬಂದಿತ್ತು. ಆದರೆ ಅದು ಯಾವುದೋ ಕಾರ್ಖಾನೆಯ ಮೇಜಿನ ಮೇಲೆ ಬಿಚ್ಚಿಕೊಳ್ಳುವುದು, ಇದನ್ನು ಬರೆದವರು ಯಾರು ಎಂದು ಅವರು ಕೇಳುವುದು, ನಾನೊಬ್ಬನೇ ಎಂದು ಇವನು ಹೇಳುವುದು, ಅದು ಬಹುಮಟ್ಟಿಗೆ ನಿಜವೇ ಆಗಿರುವುದು, ಎಲ್ಲವೂ ಒಟ್ಟಿಗೆ ಕಂಡಿತು. "ಅದು ಕಂಪನಿಯ ಆಸ್ತಿ ಕೊಂಡಪ್ಪ" ಎಂದ. "ಹಾಗೆಲ್ಲ ಹೊರಗೆ ಕೊಡುವ ಹಾಗಿಲ್ಲ."

ಕೊಂಡಪ್ಪ ಅವನನ್ನು ನೋಡಿದ. ಕನಿಕರವೋ ಹೇಸಿಗೆಯೋ ಎಂದು ಬಿಡಿಸಿ ಹೇಳಲಾಗದ ನೋಟ. "ಆಯ್ತು ಸಾರ್" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟ. ಸಂಜೆಯ ಪುಟ್ಟ ರೈಲು ಕೂಗುವ ಹೊತ್ತಾಗಿತ್ತು. ಗೇಟಿನಲ್ಲಿ ಮುನಿಶಾಮಿಯೊಡನೆ ಏನೋ ಹೇಳಿ ಗಟ್ಟಿಯಾಗಿ ನಕ್ಕದ್ದು ಕೇಳಿಸಿತು. ಅದು ತನ್ನ ಮೇಲೆಯೇ ಎಂದು ರಾಮಾಂಜಿನಪ್ಪ ತಿಳಿದುಕೊಂಡ. ಬೇರೆ ಯಾವುದರ ಮೇಲಾದರೂ ಇರಬಹುದಿತ್ತು.

ಮನೆಗೆ ಹೋಗಲು ಕಾಲು ಬರಲಿಲ್ಲ. ವರಲಕ್ಷ್ಮಮ್ಮ ಏನೂ ಕೇಳದೆ ಕಾಲಿಗೆ ನೀರು ಕೊಡುತ್ತಾಳೆ, ಅದೇ ಕಷ್ಟ. ಶೆಡ್ಡುಗಳ ಹಿಂದಿನಿಂದ ಸುತ್ತಿಕೊಂಡು ಹೋಗುತ್ತಿದ್ದವನನ್ನು ಗೋಡೌನಿನ ಒಳಗಿನಿಂದ ಮುನಿವೆಂಕಟಪ್ಪ ಕಂಡು, "ಬಾ ಬಾವ, ಬಾ" ಎಂದು ಕೂಗಿದ. ಇಷ್ಟು ವರ್ಷ ಬನ್ನಿ ಎನ್ನುತ್ತಿದ್ದವನು. ಗೋಣಿಯ ಮೇಲೆ ಸರಿದು ಜಾಗ ಮಾಡಿಕೊಟ್ಟ. ಬೇಯಿಸಿದ ಕಡಲೆಕಾಯಿಯ ಬುಟ್ಟಿಯನ್ನು ಮುಂದಕ್ಕೆ ತಳ್ಳಿದ. "ನಂಗೆ ಭಯ ಆಗಿತ್ತು ಕಣೋ ಬಾವ. ತೋಟಕ್ಕೆ ಹಾಕಿಬಿಡ್ತಾರೆ ಅಂತ. ನಂಗೆ ಜನ ಬೇಕು, ಗಿಡದ ಜೊತೆ ಏನು ಮಾತಾಡ್ಲಿ? ನೀನು ಉಳಿಸ್ದೆ." ಅವನ ಕಣ್ಣು ನಿಜವಾಗಿ ಒದ್ದೆಯಾಗಿತ್ತು. ರಾಮಾಂಜಿನಪ್ಪ ಆ ದಪ್ಪ ಮುಖವನ್ನು ಎಂದಿನಂತೆ ತಿರಸ್ಕರಿಸಲು ನೋಡಿದ. ಆಗಲಿಲ್ಲ. ಕಡಲೆಕಾಯಿ ಬಿಡಿಸತೊಡಗಿದ.

ಆಗ ಒಬ್ಬ ಹೆಂಗಸು ಬಾಗಿಲಲ್ಲಿ ಬುಟ್ಟಿ ಇಳಿಸಿದಳು. ಚಿಕ್ಕಬಳ್ಳಾಪುರದಾಚೆ ಕಳವಾರದಿಂದ ಬಸ್ಸಿನಲ್ಲಿ ಬಂದವಳು, ಅಕ್ಕಯಮ್ಮ. ಬಸ್ಸು ಕೆಟ್ಟು ತಡವಾಯಿತೆಂದೂ, ಇವತ್ತೇ ಕೊಟ್ಟು ಹೋಗಬೇಕೆಂದೂ ಹೇಳಿ ಸೆರಗಿನಿಂದ ಕತ್ತು ಒರೆಸಿಕೊಂಡಳು. ಬುಟ್ಟಿಯ ಮೇಲಿನ ಬಟ್ಟೆ ತೆಗೆದಾಗ ಗೂಡುಗಳು ಸಂಜೆಯ ಬೆಳಕಿನಲ್ಲಿ ಹಳದಿಯಾಗಿ, ಗಟ್ಟಿಯಾಗಿ, ಒಂದರಂತೆ ಒಂದು ಇದ್ದವು.

"ಇವರು ನಮ್ಮ ಬಾವ" ಎಂದ ಮುನಿವೆಂಕಟಪ್ಪ ಹೆಮ್ಮೆಯಿಂದ. "ಬೊಂಬಾಯಿನಾಗೆ ಓದಿದೋರು. ಬಾವ, ಇವತ್ತು ನೀನೇ ನೋಡಿ ಬೆಲೆ ಹೇಳು."

ಬೇಡ ಎನ್ನುವಷ್ಟರಲ್ಲಿ ಅವಳು ಬುಟ್ಟಿಯನ್ನು ಅವನ ಮುಂದಕ್ಕೆ ಎಳೆದಿದ್ದಳು. ಅವನು ಕೈ ಹಾಕಿದ. ಒಳಗೆ ಬೆಚ್ಚಗಿತ್ತು. ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ, ಹುಳು ಒಣ ಬೀಜದ ಹಾಗೆ ಸದ್ದು ಮಾಡಿತು. ಅದು ಒಳ್ಳೆಯದೋ ಕೆಟ್ಟದ್ದೋ ಅವನಿಗೆ ತಿಳಿಯದು. ಇಬ್ಬರೂ ಅವನ ಬಾಯನ್ನೇ ನೋಡುತ್ತಿದ್ದರು. ಬಾಯಿಗೆ ಬಂದ ಬೆಲೆಯೊಂದನ್ನು ಹೇಳಿ, ಅದು ತಪ್ಪಿರಬಹುದೆನಿಸಿ ಅಧಿಕಾರದ ದನಿಯಲ್ಲಿ ಮತ್ತೊಮ್ಮೆ ಹೇಳಿದ.

ಅಕ್ಕಯಮ್ಮನ ಮುಖ ಸಣ್ಣಗಾಯಿತು. ಏನೋ ಹೇಳಲು ಬಾಯಿ ತೆರೆದಳು. ಅವನ ಇಸ್ತ್ರಿ ಷರಟನ್ನು, ಕೈಗಡಿಯಾರವನ್ನು ನೋಡಿದಳು. "ಓದಿದೋರು ನೀವು ಹೇಳಿದ್ಮೇಲೆ ಸರಿನೇ ಇರ್ತದೆ ಸಾಮಿ" ಎಂದು ಬುಟ್ಟಿಯನ್ನು ತಕ್ಕಡಿಗೆ ಸುರಿದಳು. ಮುನಿವೆಂಕಟಪ್ಪ ಅವನ ಕಿವಿಯ ಹತ್ತಿರ ಬಗ್ಗಿ, ಬೆರಗಿನಿಂದ ಪಿಸುಗುಟ್ಟಿದ. "ಅಬ್ಬಾ ಬಾವ! ಇದರ ಅರ್ಧ ಬೆಲೆನೂ ಅಲ್ವಲ್ಲೋ. ಅಷ್ಟು ಕಡಿಮೆಗೆ ಕೇಳಕ್ಕೆ ನಂಗೆ ಈ ಜನ್ಮದಾಗೆ ಬಾಯಿ ಬರ್ತಿರ್ಲಿಲ್ಲ."

ಅಕ್ಕಯಮ್ಮ ಖಾಲಿ ಬುಟ್ಟಿಯನ್ನು ಬಡಿದು, ತಳದಲ್ಲಿ ಅಂಟಿದ್ದ ಒಂದು ಗೂಡನ್ನೂ ಬಿಡಿಸಿ ತಕ್ಕಡಿಗೆ ಹಾಕಿ, ಕೊನೆಯ ಬಸ್ಸು ಹೋಗಿಬಿಟ್ಟೀತೆಂದು ಬೇಗಬೇಗ ಹೆಜ್ಜೆ ಹಾಕಿದಳು. ಗೇಟಿನವರೆಗೂ ಅವಳ ಬೆನ್ನು ಕಾಣುತ್ತಿತ್ತು. ಒಂದು ಸಲ ಕೂಗಿದರೆ ಕೇಳಿಸುವಷ್ಟೇ ದೂರ. ರಾಮಾಂಜಿನಪ್ಪ ಬಾಯಲ್ಲಿದ್ದ ಕಡಲೆಕಾಯಿಯನ್ನು ಅಗಿಯುತ್ತ ಕೂತ.